ಫ್ರೀಡ್ರಿಕ್ ಪಾನೆತ್ (1887–1958)

ವೈದ್ಯವಿದ್ಯಾರ್ಥಿಗಳಿಗೆ ಪಾನೆತ್ ಎಂಬ ಹೆಸರು ಸಣ್ಣ ಕರುಳಿನ ಕೋಶಗಳಿಂದ ಪರಿಚಿತ. ಆ ಕೋಶಗಳಿಗೆ ಹೆಸರಿತ್ತ ಶರೀರಕ್ರಿಯಾಶಾಸ್ತ್ರಜ್ಞ ಜೋಸೆಫ್ ಪಾನೆತ್ ಅವರ ಮಗನೇ ಫ್ರೀಡ್ರಿಕ್. ವಿಯೆನ್ನಾದಲ್ಲಿ ಹುಟ್ಟಿದ ಅವರು ಮೂರು ವರ್ಷ ತುಂಬುವ ಮೊದಲೇ ತಂದೆಯನ್ನು ಕಳೆದುಕೊಂಡರು. ಮುಂದೆ ರಸಾಯನಶಾಸ್ತ್ರ ಓದಿ, ಅಲ್ಲಿನ ರೇಡಿಯಂ ಸಂಶೋಧನಾಲಯದಲ್ಲಿ ಜಾರ್ಜ್ ಹೆವೆಶಿ ಅವರೊಡನೆ ದುಡಿದರು. ರೇಡಿಯಂ-ಡಿ ಎಂಬ ವಿಕಿರಣಶೀಲ ವಸ್ತುವನ್ನು ಸೀಸದಿಂದ ಬೇರ್ಪಡಿಸಲಾಗದೆಂದು ತಿಳಿದಾಗ, 1913ರಲ್ಲಿ ಅದನ್ನೇ ಸೀಸದ ಜಾಡು ಹಿಡಿಯುವ ಗುರುತಾಗಿ ಬಳಸಿದರು. ಇಂದಿನ ಥೈರಾಯ್ಡ್ ಸ್ಕ್ಯಾನಿನ ಬೇರು ಅಲ್ಲಿದೆ.

1926ರಲ್ಲಿ ಬರ್ಲಿನ್‌ನಲ್ಲಿ ಪಾನೆತ್ ಮತ್ತು ಕುರ್ಟ್ ಪೀಟರ್ಸ್ ಒಂದು ಬೆರಗಿನ ಫಲಿತಾಂಶ ಪ್ರಕಟಿಸಿದರು. ಪಲ್ಲೇಡಿಯಂ ಲೋಹ ತನ್ನ ಗಾತ್ರದ ನೂರಾರು ಪಟ್ಟು ಜಲಜನಕವನ್ನು ಹೀರಬಲ್ಲದು. ಹೀಗೆ ಹೀರಲ್ಪಟ್ಟ ಜಲಜನಕ ಸಾಮಾನ್ಯ ಉಷ್ಣತೆಯಲ್ಲೇ ಹೀಲಿಯಂ ಆಗುತ್ತದೆಂಬುದು ಅವರ ವಾದ. ದೊರೆತ ಹೀಲಿಯಂ ಹೆಚ್ಚೆಂದರೆ ಒಂದು ಘನ ಸೆಂಟಿಮೀಟರಿನ ಹತ್ತು ಕೋಟಿಯಲ್ಲೊಂದು ಭಾಗದಷ್ಟು.

ಮರುವರ್ಷವೇ ಅವರು ವಾದವನ್ನು ಹಿಂತೆಗೆದುಕೊಂಡರು. ಉಪಕರಣದ ಗಾಜೂ ಪಲ್ಲೇಡಿಯಂ ಲೇಪಿಸಿದ್ದ ಕಲ್ನಾರೂ ಮೊದಲೇ ಹೀಲಿಯಂ ಹೀರಿಕೊಂಡಿದ್ದವು. ಜಲಜನಕವಿಲ್ಲದೆ ಕಾಯಿಸಿದಾಗ ಹೊರಬಾರದ ಅದು ಜಲಜನಕದ ಸಾನ್ನಿಧ್ಯದಲ್ಲಿ ಹೊರಬರುತ್ತಿತ್ತು. ಆದ್ದರಿಂದ ಜಲಜನಕವಿಲ್ಲದೆ ಮಾಡಿದ ಹೋಲಿಕೆ ಪರೀಕ್ಷೆ ಅವರನ್ನು ದಾರಿ ತಪ್ಪಿಸಿತ್ತು. ಔಷಧಪರೀಕ್ಷೆಯ ನಿಯಮವೂ ಇದೇ: ಪರೀಕ್ಷಿಸುವ ಮದ್ದೊಂದನ್ನುಳಿದು ಮಿಕ್ಕೆಲ್ಲವೂ ಎರಡೂ ಗುಂಪುಗಳಲ್ಲಿ ಸಮವಾಗಿರಬೇಕು.

ಆದರೆ ಆಸೆ ಹಿಂಜರಿಯಲಿಲ್ಲ. ಸ್ವೀಡನ್ನಿನ ಜಾನ್ ಟಾಂಡ್‌ಬರ್ಗ್ 1927ರಲ್ಲೇ ಹೀಲಿಯಂ ಹಾಗೂ ಶಕ್ತಿ ಪಡೆಯುವ ವಿಧಾನಕ್ಕೆ ಪೇಟೆಂಟ್ ಕೋರಿದರು, ಅದು ದೊರೆಯಲಿಲ್ಲ. 1989ರ ಮಾರ್ಚ್ 23ರಂದು ಯೂಟಾದಲ್ಲಿ ಫ್ಲೈಶ್‌ಮನ್ ಮತ್ತು ಪಾನ್ಸ್, ಭಾರಜಲದಲ್ಲಿಟ್ಟ ಪಲ್ಲೇಡಿಯಂನಿಂದ ರಾಸಾಯನಿಕ ಕ್ರಿಯೆಗೆ ಮೀರಿದ ಶಾಖ ಬಂದಿತೆಂದು ಸಾರಿದರು. ಇಲ್ಲಿ ಪಾನೆತ್ ಅವರ ಅಳತೆಯೇ ಒರೆಗಲ್ಲು. ಭಾರಜಲಜನಕ ಬೆಸೆದು ಹೀಲಿಯಂ ಆಗುವುದಾದರೆ, ಒಂದು ವ್ಯಾಟ್ ಶಾಖ ಒಂದು ಸೆಕೆಂಡು ಹೊಮ್ಮಿದಾಗ ಹುಟ್ಟುವ ಹೀಲಿಯಂ ಸರಿಸುಮಾರು ಅದೇ ಹತ್ತು ಕೋಟಿಯಲ್ಲೊಂದು ಭಾಗ. ಗಂಟೆಗಟ್ಟಲೆ ಬಂದ ಶಾಖಕ್ಕೆ ಅದರ ಸಾವಿರಾರು ಪಟ್ಟು ಇರಬೇಕು. ಶಾಖ ಮತ್ತು ಹೀಲಿಯಂಗಳ ಲೆಕ್ಕ ವಿಜ್ಞಾನಲೋಕ ಒಪ್ಪುವಂತೆ ತಾಳೆಯಾಗಲಿಲ್ಲ.

ತಪ್ಪೊಪ್ಪಿಗೆಯಿಂದ ಪಾನೆತ್ ಕುಗ್ಗಲಿಲ್ಲ. 1929ರಲ್ಲಿ ಮುಕ್ತ ಮೀಥೈಲ್ ರ‍್ಯಾಡಿಕಲ್ ಇರುವುದನ್ನು ಸಾಧಿಸಿ ತೋರಿಸಿದರು. 1933ರಲ್ಲಿ ಹಿಟ್ಲರ್ ಅಧಿಕಾರ ಹಿಡಿದಾಗ ಇಂಗ್ಲೆಂಡಿನಲ್ಲೇ ಉಳಿದು, ಡರಮ್‌ನಲ್ಲಿ ಪ್ರಾಧ್ಯಾಪಕರಾದರು. 1953ರಲ್ಲಿ ಜರ್ಮನಿಗೆ ಮರಳಿ ಮೈನ್ಜ್‌ನ ಮ್ಯಾಕ್ಸ್ ಪ್ಲಾಂಕ್ ರಸಾಯನಶಾಸ್ತ್ರ ಸಂಸ್ಥೆಯನ್ನು ನಡೆಸಿದರು. ಉಲ್ಕಾಶಿಲೆಗಳ ವಯಸ್ಸನ್ನು ಅವುಗಳೊಳಗಿನ ಹೀಲಿಯಂನಿಂದ ಎಣಿಸುವುದು ಅವರ ದೀರ್ಘಕಾಲದ ಕೆಲಸ. ಅಲ್ಲಿಯೂ ವಿಶ್ವಕಿರಣಗಳಿಂದ ಹುಟ್ಟಿದ ಹೀಲಿಯಂ ಸೇರಿಕೊಂಡಿರುವುದನ್ನು 1952ರಲ್ಲಿ ಅವರ ತಂಡ ಅಳೆದು ತೋರಿಸಿತು. ಸಿಕ್ಕ ಹೀಲಿಯಂ ಎಲ್ಲಿಂದ ಬಂತೆಂಬ ಪ್ರಶ್ನೆಯನ್ನು ಅವರು ಕೊನೆಯವರೆಗೂ ಬಿಡಲಿಲ್ಲ.