ಭಾರತದ ದಂತ ವೈದ್ಯಕೀಯ ಪಿತಾಮಹ ಡಾ. ರಫಿಯುದ್ದೀನ್ ಅಹಮದ್

ಭಾರತದಲ್ಲಿ ಆಧುನಿಕ ದಂತ ವೈದ್ಯಕೀಯ ಶಿಕ್ಷಣಕ್ಕೆ ತಳಹದಿ ಹಾಕಿದ ಕೀರ್ತಿ ಡಾ. ರಫಿಯುದ್ದೀನ್ ಅಹಮದ್ ಅವರಿಗೆ ಸಲ್ಲುತ್ತದೆ. ಅವರ ಜನ್ಮದಿನವಾದ ಡಿಸೆಂಬರ್ 24ನ್ನು ರಾಷ್ಟ್ರೀಯ ದಂತವೈದ್ಯರ ದಿನವನ್ನಾಗಿ ಆಚರಿಸಲಾಗುತ್ತಿದೆ. ಹಲ್ಲಿನ ಚಿಕಿತ್ಸೆಯು ಉಳ್ಳವರ ಸೊತ್ತಾಗಿದ್ದ ಕಾಲದಲ್ಲಿ ಅದನ್ನು ಸಾಮಾನ್ಯ ಜನರ ಬಳಿಗೆ ತರಲು ಶ್ರಮಿಸಿದ ಈ ಮಹನೀಯರ ಜೀವನ ಹಾಗೂ ಸಾಧನೆಗಳನ್ನು ಸಾರ್ವಜನಿಕರ ಅವಗಾಹನೆಗಾಗಿ ಇಲ್ಲಿ ಸಂಕ್ಷಿಪ್ತವಾಗಿ ನೀಡಲಾಗಿದೆ.

ಜನನ ಮತ್ತು ವಿದ್ಯಾಭ್ಯಾಸ

ರಫಿಯುದ್ದೀನ್ ಅಹಮದ್ ಅವರು 1890ರ ಡಿಸೆಂಬರ್ 24ರಂದು ಅಂದಿನ ಪೂರ್ವ ಬಂಗಾಳದಲ್ಲಿ ಜನಿಸಿದರು. ಅಲಿಗಢದಲ್ಲಿ ವಿದ್ಯಾಭ್ಯಾಸ ಪೂರೈಸಿ, 1909ರಲ್ಲಿ ಉನ್ನತ ಶಿಕ್ಷಣಕ್ಕಾಗಿ ಅಮೆರಿಕಕ್ಕೆ ತೆರಳಿದರು. 1915ರಲ್ಲಿ ಅಯೋವಾ ವಿಶ್ವವಿದ್ಯಾಲಯದಿಂದ ದಂತ ಶಸ್ತ್ರಚಿಕಿತ್ಸೆಯ ಪದವಿ ಪಡೆದರು.

ಪದವಿಯ ನಂತರ ಅವರು ಬಾಸ್ಟನ್ ನಗರದ ಫೋರ್ಸಿತ್ ಮಕ್ಕಳ ದಂತ ಚಿಕಿತ್ಸಾಲಯದಲ್ಲಿ ಸೇವೆ ಸಲ್ಲಿಸಿದರು. ಇದು ಬಡ ಕುಟುಂಬಗಳ ಮಕ್ಕಳ ಹಲ್ಲುಗಳ ಆರೈಕೆಗೆಂದೇ ದಾನಿಗಳ ನೆರವಿನಿಂದ ಸ್ಥಾಪಿತವಾದ ಸಂಸ್ಥೆಯಾಗಿತ್ತು. ಪ್ರತಿಯೊಬ್ಬ ರೋಗಿಯಿಂದ ಪೂರ್ಣ ವೆಚ್ಚ ವಸೂಲು ಮಾಡದೆಯೂ ಉತ್ತಮ ಗುಣಮಟ್ಟದ ದಂತ ಚಿಕಿತ್ಸೆ ನೀಡಬಹುದೆಂಬುದಕ್ಕೆ ಈ ಸಂಸ್ಥೆಯು ನಿದರ್ಶನವಾಗಿತ್ತು.

ದೇಶದ ಪ್ರಥಮ ದಂತ ಕಾಲೇಜು

1919ರಲ್ಲಿ ಅವರು ಕಲ್ಕತ್ತೆಗೆ ಹಿಂತಿರುಗಿದಾಗ ದೇಶದಲ್ಲಿ ಒಂದೂ ದಂತ ಕಾಲೇಜು ಇರಲಿಲ್ಲ. ವಿದೇಶದಲ್ಲಿ ತರಬೇತಿ ಪಡೆದ ಬೆರಳೆಣಿಕೆಯ ವೈದ್ಯರ ಸೇವೆಯು ದೊಡ್ಡ ನಗರಗಳ ಶ್ರೀಮಂತರಿಗೆ ಮಾತ್ರ ಲಭ್ಯವಿತ್ತು. ಉಳಿದವರು ಸಂತೆ, ಜಾತ್ರೆ ಹಾಗೂ ಬೀದಿಬದಿಯಲ್ಲಿ ಹಲ್ಲು ಕೀಳುವವರನ್ನೇ ಆಶ್ರಯಿಸಬೇಕಾಗಿತ್ತು. ಹೀಗಾಗಿ ಉಳಿಸಿಕೊಳ್ಳಬಹುದಾದ ಹಲ್ಲನ್ನೂ ಬಡವರು ಕಳೆದುಕೊಳ್ಳುತ್ತಿದ್ದರು.

ಈ ಕೊರತೆಯನ್ನು ನೀಗಿಸಲು ಅವರು 1920ರಲ್ಲಿ ಕಲ್ಕತ್ತೆಯಲ್ಲಿ ದೇಶದ ಪ್ರಥಮ ದಂತ ಕಾಲೇಜನ್ನು ಸ್ಥಾಪಿಸಿದರು. ಇದಕ್ಕೆ ಬೇಕಾದ ಹಣಕ್ಕಾಗಿ ಅವರು ಕಂಡುಕೊಂಡ ಮಾರ್ಗವು ಗಮನಾರ್ಹವಾದುದು. ನ್ಯೂಯಾರ್ಕ್ ಸೋಡಾ ಫೌಂಟನ್ ಎಂಬ ತಂಪು ಪಾನೀಯದ ಮಳಿಗೆಯನ್ನು ತೆರೆದು, ಅದರ ಆದಾಯವನ್ನು ಕಾಲೇಜಿನ ವೆಚ್ಚಕ್ಕೆ ವಿನಿಯೋಗಿಸಿದರು. ಹಲ್ಲಿಗೆ ಹಿತವಲ್ಲದ ಸಿಹಿ ಪಾನೀಯದ ವ್ಯಾಪಾರವೇ ದಂತ ಶಿಕ್ಷಣಕ್ಕೆ ಆಧಾರವಾದುದು ವಿಶೇಷ. ಆರಂಭದ ವರ್ಷಗಳಲ್ಲಿ ವಿದ್ಯಾರ್ಥಿಗಳ ಸಂಖ್ಯೆ ತೀರಾ ಕಡಿಮೆಯಿದ್ದರೂ ಅವರು ಕಾಲೇಜನ್ನು ಮುಚ್ಚಲಿಲ್ಲ.

ವೃತ್ತಿಗೆ ಶಾಸನದ ಚೌಕಟ್ಟು

1925ರಲ್ಲಿ ಅವರು ದಂತವೈದ್ಯರ ಸಂಘವನ್ನು ಕಟ್ಟಿ, ಭಾರತೀಯ ದಂತ ಪತ್ರಿಕೆಯನ್ನು ಆರಂಭಿಸಿದರು. ಈ ಪತ್ರಿಕೆಯ ಸಂಪಾದಕರಾಗಿ 1946ರವರೆಗೆ ಕಾರ್ಯನಿರ್ವಹಿಸಿದರು. 1928ರಲ್ಲಿ ವಿದ್ಯಾರ್ಥಿಗಳಿಗಾಗಿ ಹಲ್ಲಿನ ಚಿಕಿತ್ಸಾ ವಿಧಾನಗಳ ಕೈಪಿಡಿಯೊಂದನ್ನು ಹೊರತಂದರು.

1939ರಲ್ಲಿ ಬಂಗಾಳ ದಂತವೈದ್ಯರ ಕಾಯಿದೆ ಜಾರಿಗೆ ಬರಲು ಅವರ ಪ್ರಯತ್ನ ಬಹುಮಟ್ಟಿಗೆ ಕಾರಣವಾಯಿತು. ಸ್ವಾತಂತ್ರ್ಯಾನಂತರ 1948ರಲ್ಲಿ ಇಡೀ ದೇಶಕ್ಕೆ ಅನ್ವಯಿಸುವ ದಂತವೈದ್ಯರ ಅಧಿನಿಯಮವು ಜಾರಿಯಾಯಿತು. ಇದರನ್ವಯ ನೋಂದಣಿ ಪುಸ್ತಕದಲ್ಲಿ ಎರಡು ಭಾಗಗಳಿದ್ದವು. ಪದವಿ ಪಡೆದವರು ಮೊದಲನೆಯ ಭಾಗದಲ್ಲಿ ಸೇರಿದರೆ, ಪದವಿ ಇಲ್ಲದಿದ್ದರೂ ಕನಿಷ್ಠ 5 ವರ್ಷಗಳಿಂದ ಈ ವೃತ್ತಿಯನ್ನೇ ಜೀವನೋಪಾಯವಾಗಿಸಿಕೊಂಡಿದ್ದವರು ಎರಡನೆಯ ಭಾಗದಲ್ಲಿ ಸೇರಬಹುದಾಗಿತ್ತು. ಇದರಿಂದ ರೋಗಿಗಳಿಗೆ ರಕ್ಷಣೆ ದೊರೆತುದಲ್ಲದೆ, ಹಳೆಯ ವೃತ್ತಿನಿರತರ ಜೀವನೋಪಾಯಕ್ಕೂ ಅವಕಾಶ ಉಳಿಯಿತು.

ಸಾರ್ವಜನಿಕ ಸೇವೆ

ತಾವು ಕಟ್ಟಿ ಬೆಳೆಸಿದ ಕಾಲೇಜನ್ನು ಅವರು 1949ರಲ್ಲಿ ಪಶ್ಚಿಮ ಬಂಗಾಳ ಸರ್ಕಾರಕ್ಕೆ ದಾನವಾಗಿ ನೀಡಿದರು. ಖಾಸಗಿ ಸ್ವತ್ತಾಗಿ ಉಳಿಸಿಕೊಳ್ಳಬಹುದಾಗಿದ್ದ ಸಂಸ್ಥೆಯು ಸಾರ್ವಜನಿಕ ಸ್ವತ್ತಾಯಿತು. ಅದು ಇಂದಿಗೂ ಅವರ ಹೆಸರಿನಲ್ಲಿ ನಡೆಯುತ್ತಿದೆ. ಕಲ್ಕತ್ತಾ ನಗರಪಾಲಿಕೆಯ ಸದಸ್ಯರಾಗಿಯೂ, 1950ರ ನಂತರ ಪಶ್ಚಿಮ ಬಂಗಾಳದ ಸಚಿವರಾಗಿಯೂ ಅವರು ಸೇವೆ ಸಲ್ಲಿಸಿದರು. 1964ರಲ್ಲಿ ಭಾರತ ಸರ್ಕಾರವು ಪದ್ಮಭೂಷಣ ಪ್ರಶಸ್ತಿ ನೀಡಿ ಗೌರವಿಸಿತು. 1965ರಲ್ಲಿ ಅವರು ನಿಧನರಾದರು.

ಕರ್ನಾಟಕ ಮತ್ತು ಚಿನ್ನದ ಗಣಿ ಪ್ರದೇಶ

ಡಾ. ಅಹಮದ್ ಅವರು ಹಾಕಿಕೊಟ್ಟ ಹಾದಿಯಲ್ಲಿ ದಂತ ಶಿಕ್ಷಣವು ದೇಶದಾದ್ಯಂತ ವಿಸ್ತರಿಸಿತು. ಬೆಂಗಳೂರಿನಲ್ಲಿ 1958ರಲ್ಲಿ ಸರ್ಕಾರಿ ದಂತ ಕಾಲೇಜು ಆರಂಭವಾಯಿತು. ಅತಿ ಹೆಚ್ಚು ದಂತ ಕಾಲೇಜುಗಳನ್ನು ಹೊಂದಿರುವ ರಾಜ್ಯಗಳಲ್ಲಿ ಕರ್ನಾಟಕವೂ ಒಂದಾಗಿದೆ. ಕೋಲಾರ ಚಿನ್ನದ ಗಣಿ ಪ್ರದೇಶದ ಬೆಮೆಲ್ ನಗರದಲ್ಲಿಯೂ ದಂತ ಕಾಲೇಜು ಇರುತ್ತದೆ.

ಆದಾಗ್ಯೂ ಕಾಲೇಜು ಸಮೀಪದಲ್ಲಿದ್ದ ಮಾತ್ರಕ್ಕೆ ಚಿಕಿತ್ಸೆ ಎಲ್ಲರಿಗೂ ತಲುಪುತ್ತದೆಂದು ಹೇಳಲಾಗದು. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದ ನಂತರ ಆಂಡರ್ಸನ್‌ಪೇಟೆ ಹಾಗೂ ಸುತ್ತಲಿನ ಕಾರ್ಮಿಕ ಬಡಾವಣೆಗಳ ಅನೇಕರು ಮಾರಿಕುಪ್ಪಂ ಕಡೆಯ ರೈಲುಗಳಲ್ಲಿ ಬೆಂಗಳೂರಿಗೆ ಹೋಗಿ ದುಡಿಯುವಂತಾಯಿತು. ನಸುಕಿನಲ್ಲಿ ಹೊರಟು ರಾತ್ರಿ ಮನೆ ಸೇರುವವರಿಗೆ ಹಗಲಿನ ವೇಳೆ ಹೊರರೋಗಿ ವಿಭಾಗಕ್ಕೆ ಹೋಗುವುದೆಂದರೆ ಒಂದು ದಿನದ ಕೂಲಿಯನ್ನು ಬಿಟ್ಟಂತೆ. ಹುಳುಕು ಹಲ್ಲನ್ನು ತುಂಬಿಸಲು ಅಥವಾ ಬೇರಿನ ಚಿಕಿತ್ಸೆ ಪಡೆಯಲು ಹಲವು ಬಾರಿ ಹೋಗಬೇಕಾಗಬಹುದು. ಕೀಳಿಸಲು ಸಾಮಾನ್ಯವಾಗಿ ಒಂದೇ ದಿನ ಸಾಕು. ಬಡವರು ಹಲ್ಲು ಕೀಳಿಸುವುದನ್ನೇ ಆಯ್ದುಕೊಳ್ಳಲು ಅಜ್ಞಾನಕ್ಕಿಂತ ಈ ಲೆಕ್ಕಾಚಾರವೇ ಹೆಚ್ಚಾಗಿ ಕಾರಣವಾಗುತ್ತದೆ.

ಕೋಲಾರ ಜಿಲ್ಲೆಯ ಹಲವೆಡೆ ಅಂತರ್ಜಲದಲ್ಲಿ ಫ್ಲೋರೈಡ್ ಅಂಶವು ಮಿತಿಗಿಂತ ಹೆಚ್ಚಾಗಿರುವುದು ಮತ್ತೊಂದು ಸಮಸ್ಯೆಯಾಗಿದೆ. ಕುಡಿಯುವ ನೀರಿನ ಪ್ರತಿ ಲೀಟರಿಗೆ 1.5 ಮಿಲಿಗ್ರಾಂಗಿಂತ ಹೆಚ್ಚು ಫ್ಲೋರೈಡ್ ಇರಬಾರದು. ಹಲ್ಲು ರೂಪುಗೊಳ್ಳುವ ಎಳೆಯ ವಯಸ್ಸಿನಲ್ಲಿ ಇಂತಹ ನೀರನ್ನು ಸೇವಿಸಿದ ಮಕ್ಕಳ ಹಲ್ಲುಗಳಲ್ಲಿ ಶಾಶ್ವತ ಕಲೆಗಳು ಉಂಟಾಗುತ್ತವೆ. ಶುದ್ಧೀಕರಿಸಿದ ನೀರು ಕೊಳ್ಳಲು ಶಕ್ತರಾದವರ ಮಕ್ಕಳು ಇದರಿಂದ ಪಾರಾದರೆ, ಕೊಳವೆ ಬಾವಿಯನ್ನೇ ಅವಲಂಬಿಸಿದವರ ಮಕ್ಕಳು ಈ ಕಲೆಯನ್ನು ಜೀವನಪೂರ್ತಿ ಹೊರಬೇಕಾಗುತ್ತದೆ.

ಬಡತನ ರೇಖೆಗಿಂತ ಕೆಳಗಿರುವ ಹಿರಿಯ ನಾಗರಿಕರಿಗೆ ಉಚಿತ ಕೃತಕ ದಂತಪಂಕ್ತಿ ಒದಗಿಸಲು ಕರ್ನಾಟಕ ಸರ್ಕಾರವು 2014-15ರಲ್ಲಿ ದಂತಭಾಗ್ಯ ಯೋಜನೆಯನ್ನು ಆರಂಭಿಸಿತು. ಹಲ್ಲಿಲ್ಲದೆ ರೊಟ್ಟಿ, ಕಾಳು, ಸೊಪ್ಪು ಅಗಿಯಲಾಗದ ವೃದ್ಧರಿಗೆ ಇದು ಆಹಾರದ ಪ್ರಶ್ನೆಯೂ ಹೌದು.

ಉಪಸಂಹಾರ

ಹಲ್ಲಿನ ಆರೋಗ್ಯವು ಹಣವಂತರಿಗೆ ಮೀಸಲಾದ ಸೌಕರ್ಯವಲ್ಲ ಎಂಬುದನ್ನು ಡಾ. ರಫಿಯುದ್ದೀನ್ ಅಹಮದ್ ಅವರು ತಮ್ಮ ಕಾಲೇಜನ್ನೇ ಸರ್ಕಾರಕ್ಕೆ ಒಪ್ಪಿಸುವ ಮೂಲಕ ತೋರಿಸಿಕೊಟ್ಟರು. ಸಾರ್ವಜನಿಕರು ದಿನಕ್ಕೆ ಎರಡು ಬಾರಿ ಹಲ್ಲುಜ್ಜುವುದು, ತಂಬಾಕು ಮತ್ತು ಗುಟ್ಕಾ ವರ್ಜಿಸುವುದು, ನೋವು ಕಾಣಿಸಿಕೊಳ್ಳುವ ಮೊದಲೇ ತಪಾಸಣೆ ಮಾಡಿಸಿಕೊಳ್ಳುವುದು ಹಾಗೂ ಕುಡಿಯುವ ನೀರಿನ ಪರೀಕ್ಷೆಗೆ ಸ್ಥಳೀಯ ಸಂಸ್ಥೆಗಳನ್ನು ಸಂಪರ್ಕಿಸುವುದು ಸೂಕ್ತ. ಇದುವೇ ಆ ಮಹನೀಯರಿಗೆ ಸಲ್ಲಿಸುವ ನಿಜವಾದ ಗೌರವವಾಗಿರುತ್ತದೆ.