ತಂತಿಯ ಗುಟ್ಟು ತಿಳಿಸಿದ ಓಮ್

ಮಕ್ಕಳೇ, ಕಾರಿಗೆ ಸಬ್‌ವೂಫರ್ ಕೂರಿಸುವವರು ಅದರ ಆಂಪ್ಲಿಫೈಯರ್‌ಗೆ ಬ್ಯಾಟರಿಯಿಂದ ದಪ್ಪ ತಂತಿಯನ್ನೇ ಎಳೆಯುತ್ತಾರೆ. ಏಕೆ ಗೊತ್ತೇ? ಇದರ ಹಿಂದಿನ ನಿಯಮವನ್ನು ಕಂಡುಹಿಡಿದವರು ಜರ್ಮನಿಯ ಜಾರ್ಜ್ ಸೈಮನ್ ಓಮ್.

ಓಮ್ 1789ರ ಮಾರ್ಚ್ 16ರಂದು ಎರ್ಲಾಂಗೆನ್ ಪಟ್ಟಣದಲ್ಲಿ ಜನಿಸಿದರು. ತಂದೆಯದು ಬೀಗ ಮಾಡುವ ಕಸುಬು. ಅವರೇ ಮಗನಿಗೆ ಗಣಿತ, ವಿಜ್ಞಾನ ಕಲಿಸಿದರು. 1817ರಲ್ಲಿ ಓಮ್ ಕೊಲೋನ್ ನಗರದಲ್ಲಿ ಶಾಲಾ ಶಿಕ್ಷಕರಾದರು. ಅಲ್ಲಿ ಬೇರೆ ಬೇರೆ ಉದ್ದದ ತಂತಿಗಳಲ್ಲಿ ವಿದ್ಯುತ್ ಹರಿಸಿ ಅಳೆದರು. ತಂತಿಯ ರೋಧ ಹೆಚ್ಚಿದಂತೆ ಪ್ರವಾಹ ಕಡಿಮೆಯಾಗುತ್ತದೆ. ವೋಲ್ಟೇಜ್ ಹೆಚ್ಚಿದಂತೆ ಪ್ರವಾಹವೂ ಹೆಚ್ಚುತ್ತದೆ. ಇದೇ ಓಮ್ ನಿಯಮ.

1827ರಲ್ಲಿ ಅವರು ಇದನ್ನು ಪುಸ್ತಕವಾಗಿ ಪ್ರಕಟಿಸಿದರು. ಆದರೆ ಸ್ವದೇಶದ ಹಲವು ವಿದ್ವಾಂಸರು ಅದನ್ನು ಒಪ್ಪಲಿಲ್ಲ. ಮನನೊಂದ ಓಮ್ ಕೊಲೋನ್‌ನ ಕೆಲಸ ಬಿಟ್ಟರು. ಕೆಲವು ವರ್ಷ ಬರ್ಲಿನ್‌ನಲ್ಲಿ ತಾತ್ಕಾಲಿಕವಾಗಿ ಪಾಠ ಹೇಳಿ ಕಾಲ ಕಳೆದರು. ಕೊನೆಗೆ 1841ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಅವರಿಗೆ ಕೋಪ್ಲಿ ಪದಕ ನೀಡಿತು. 1852ರಲ್ಲಿ ಮ್ಯೂನಿಕ್‌ನಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರಾದರು. 1854ರ ಜುಲೈ 6ರಂದು ನಿಧನರಾದರು.

ಈಗ ಕಾರಿನ ಲೆಕ್ಕ ನೋಡೋಣ. ಆಂಪ್ಲಿಫೈಯರ್ 50 ಆಂಪಿಯರ್ ಪ್ರವಾಹ ಎಳೆಯುತ್ತದೆ ಎನ್ನೋಣ. ತೆಳು ತಂತಿಯ ರೋಧ 0.04 ಓಮ್ ಇದ್ದರೆ, 12 ವೋಲ್ಟ್‌ನಲ್ಲಿ 2 ವೋಲ್ಟ್ ತಂತಿಯಲ್ಲೇ ನಷ್ಟ! ತಂತಿ ಕಾದು ಬೆಂಕಿಯೂ ಹತ್ತಬಹುದು. ಅಡ್ಡಕೊಯ್ತ ಹತ್ತು ಪಟ್ಟಾದರೆ ನಷ್ಟ 0.2 ವೋಲ್ಟ್ ಮಾತ್ರ. ಆದ್ದರಿಂದಲೇ ದಪ್ಪವಾದ, ಆದಷ್ಟು ಗಿಡ್ಡನೆಯ ತಂತಿ ಬೇಕು. ಬ್ಯಾಟರಿಯ ಹತ್ತಿರವೇ ಫ್ಯೂಸ್ ಇರಬೇಕು.

ಒಮ್ಮೆ ಕಡೆಗಣಿಸಲಾಗಿದ್ದ ಆ ಶಿಕ್ಷಕರ ಹೆಸರೇ ಇಂದು ಜಗತ್ತಿನಾದ್ಯಂತ ರೋಧದ ಏಕಮಾನವಾಗಿದೆ.