ಲೆಕ್ಕಕ್ಕೆ ಸಿಗದ ಸಾವುಗಳು

ಸಾಂಕ್ರಾಮಿಕ ರೋಗವೊಂದು ನಾಡನ್ನು ಮುತ್ತಿದಾಗ, ಅದಕ್ಕೆ ಎಷ್ಟು ಜನ ಬಲಿಯಾದರು ಎಂಬ ಪ್ರಶ್ನೆ ಏಳುವುದು ಸಹಜ. ದಾಖಲೆಯಲ್ಲಿರುವ ಸಂಖ್ಯೆಯೇ ನಿಜವಾದ ಸಂಖ್ಯೆಯೆಂದು ನಂಬಬಹುದೇ? ಈ ಸಂದೇಹವನ್ನು ಲೆಕ್ಕದ ಒರೆಗಲ್ಲಿಗೆ ಹಚ್ಚಿದವರಲ್ಲಿ ಮೊದಲಿಗನೆನಿಸಿದವನು ಲಂಡನ್ನಿನ ವ್ಯಾಪಾರಿ ಜಾನ್ ಗ್ರಾಂಟ್.

ಗ್ರಾಂಟನು 1620ರ ಏಪ್ರಿಲ್ 24ರಂದು ಲಂಡನ್ ನಗರದಲ್ಲಿ ಜನಿಸಿದನು. ವಿಶ್ವವಿದ್ಯಾಲಯದ ಮೆಟ್ಟಿಲನ್ನು ಆತನು ಹತ್ತಲಿಲ್ಲ. ತಂದೆಯಂತೆ ಜವಳಿ ವ್ಯಾಪಾರದಲ್ಲಿ ತೊಡಗಿ ನಗರದಲ್ಲಿ ಗೌರವವನ್ನು ಗಳಿಸಿದನು. ಆಗ ಲಂಡನ್ನಿನಲ್ಲಿ ವಾರವಾರವೂ ಮರಣಪಟ್ಟಿಗಳು ಪ್ರಕಟವಾಗುತ್ತಿದ್ದುವು. ಜನರು ಅವುಗಳ ಮೇಲೆ ಕಣ್ಣಾಡಿಸಿ ಸುಮ್ಮನಾಗುತ್ತಿದ್ದರು. ಗ್ರಾಂಟನಾದರೋ ಹಲವು ದಶಕಗಳ ಪಟ್ಟಿಗಳನ್ನು ಕಲೆಹಾಕಿ, ಅಂಗಡಿಯ ಜಮಾಖರ್ಚನ್ನು ತಾಳೆ ನೋಡುವಂತೆ ಪರಿಶೀಲಿಸಿದನು.

ಸಾವು ಸಂಭವಿಸಿದ ಮನೆಗೆ ವೃದ್ಧ ಸ್ತ್ರೀಯರು ಹೋಗಿ, ಶವವನ್ನು ನೋಡಿ, ಮರಣದ ಕಾರಣವನ್ನು ತಿಳಿಸುತ್ತಿದ್ದರು. ಅವರಿಗೆ ವೈದ್ಯಶಾಸ್ತ್ರದ ಪರಿಚಯವಿರಲಿಲ್ಲ. ಪ್ಲೇಗೆಂದು ತಿಳಿದರೆ ಅಧಿಕಾರಿಗಳು ಬದುಕಿರುವವರನ್ನೂ ಒಳಗೇ ಇರಿಸಿ ಮನೆಗೆ ಬೀಗ ಹಾಕಿಸುತ್ತಿದ್ದರು. ಈ ಭಯದಿಂದ ಅನೇಕ ಕುಟುಂಬಗಳು ರೋಗವನ್ನು ಮುಚ್ಚಿಡುತ್ತಿದ್ದುವು.

ಹಾಗಾದರೆ ಮುಚ್ಚಿಟ್ಟ ಸಾವುಗಳನ್ನು ಎಣಿಸುವುದು ಹೇಗೆ? ಗ್ರಾಂಟನು ಐದು ವರ್ಷದ ಬಾಲಕನಾಗಿದ್ದ 1625ರಲ್ಲಿ ಲಂಡನ್ನಿಗೆ ಭೀಕರ ಪ್ಲೇಗು ಬಂದಿತ್ತು. ಆ ವರ್ಷದ ಪಟ್ಟಿಯಲ್ಲಿ ಪ್ಲೇಗಿನಿಂದ ಸತ್ತವರು 35,000ಕ್ಕೂ ಹೆಚ್ಚು. ಇತರ ಕಾರಣಗಳಿಂದ ಸತ್ತವರು 18,000ಕ್ಕೂ ಹೆಚ್ಚು. ಆದರೆ ಹಿಂದುಮುಂದಿನ ವರ್ಷಗಳಲ್ಲಿ ಇತರ ಕಾರಣಗಳಿಂದ ಸಾಯುತ್ತಿದ್ದವರು ಏಳೆಂಟು ಸಾವಿರ ಮಾತ್ರ. ಹೆಚ್ಚಾಗಿ ಕಂಡ ಸುಮಾರು 11,000 ಸಾವುಗಳೂ ಪ್ಲೇಗಿನವೇ ಇರಬೇಕೆಂದು ಗ್ರಾಂಟನು ತರ್ಕಿಸಿದನು. ಅಂದರೆ, ಪ್ಲೇಗಿನಿಂದ ಮಡಿದ ನಾಲ್ವರಲ್ಲಿ ಒಬ್ಬನ ಸಾವು ಬೇರೆ ಹೆಸರಿನಲ್ಲಿ ಅಡಗಿತ್ತು.

1662ರಲ್ಲಿ ಆತನ ಗ್ರಂಥವು ಪ್ರಕಟವಾಯಿತು. ಅದೇ ವರ್ಷ ರಾಯಲ್ ಸೊಸೈಟಿಯು ಈ ವ್ಯಾಪಾರಿಯನ್ನು ತನ್ನ ಸದಸ್ಯನನ್ನಾಗಿ ಸ್ವೀಕರಿಸಿತು. 1665ರಲ್ಲಿ ಪ್ಲೇಗು ಮತ್ತೆ ಬಂದಾಗ ಪಟ್ಟಿಗಳು 68,596 ಪ್ಲೇಗಿನ ಸಾವುಗಳನ್ನು ತೋರಿಸಿದುವು; ನಿಜವಾದ ಸಂಖ್ಯೆ ಒಂದು ಲಕ್ಷದಷ್ಟಿರಬಹುದೆಂದು ಇತಿಹಾಸಕಾರರು ಅಂದಾಜು ಮಾಡಿದ್ದಾರೆ. ಮರುವರ್ಷದ ಮಹಾ ಅಗ್ನಿದುರಂತದಲ್ಲಿ ಗ್ರಾಂಟನ ಮನೆ ಸುಟ್ಟುಹೋಯಿತು. ವ್ಯಾಪಾರವೂ ಕುಸಿಯಿತು. 1674ರಲ್ಲಿ ಆತನು ಬಡತನದಲ್ಲಿಯೇ ತೀರಿಕೊಂಡನು.

ಆದರೆ ಆತನು ತೋರಿದ ದಾರಿ ಅಳಿಯಲಿಲ್ಲ. 2020 ಮತ್ತು 2021ರಲ್ಲಿ ಕೋವಿಡ್ ರೋಗದಿಂದ ಸತ್ತವರೆಂದು ಜಗತ್ತಿನಾದ್ಯಂತ ದಾಖಲಾದವರು ಸುಮಾರು 54 ಲಕ್ಷ ಮಂದಿ. ಸಾಮಾನ್ಯ ವರ್ಷಗಳೊಡನೆ ಹೋಲಿಸಿ ನೋಡಿದ ವಿಶ್ವ ಆರೋಗ್ಯ ಸಂಸ್ಥೆಯು, ಆ ಎರಡು ವರ್ಷಗಳಲ್ಲಿ ಸುಮಾರು 1 ಕೋಟಿ 49 ಲಕ್ಷ ಸಾವುಗಳು ಹೆಚ್ಚಾಗಿ ಸಂಭವಿಸಿದುವೆಂದು 2022ರಲ್ಲಿ ಅಂದಾಜು ಮಾಡಿತು. ಭಯದಿಂದಲೋ ಅಜ್ಞಾನದಿಂದಲೋ ಮರೆಯಾದ ಸಾವುಗಳನ್ನು ಲೆಕ್ಕಕ್ಕೆ ತರುವುದು ಬದುಕಿರುವವರ ರಕ್ಷಣೆಗೆ ಮೊದಲ ಹೆಜ್ಜೆ. ಆ ಹೆಜ್ಜೆಯನ್ನಿಟ್ಟವನು ಒಬ್ಬ ಸಾಮಾನ್ಯ ವ್ಯಾಪಾರಿ ಎಂಬುದು ನಾವು ನೆನೆಯತಕ್ಕ ಸಂಗತಿ.